ತಲೆಗೊಂದು ಟನ್

ದೊಡ್ಡ ಹೋಟೆಲಿಗೆ ಊಟಕ್ಕೆ ಹೋಗುವ ಮುಂಚೆ ಮನೆಯಲ್ಲಿ ಒಂದಿಷ್ಟು ತಿಂದುಕೊಂಡು ಹೋಗಬೇಕು ಎಂಬ ಬುದ್ಧಿಮಾತನ್ನು ನನಗೆ ಹೇಳಿದವನು ನನ್ನ ಅಕ್ಕನ ಮಗ. "ಮಾಮಾ, ಎರಡೆರಡ ಇಡ್ಲಿ ತಿಂದ ಬಿಡ್ರಿ, ಅಲ್ಲಿ ಊಟ ಸಾವಕಾಶ ಬರತೈತಿ" ಅಂದ. ನಮ್ಮೂರು ಅರಭಾವಿಯಲ್ಲಿ ಯಾರಾದರೂ ಊಟಕ್ಕೆ ಕರೆದರೆ ಮುಂಜಾನೆಯ ನಾಷ್ಟಾ ಬಿಡುವುದು ಕರೆದವರಿಗೆ ಕೊಡುವ ಮರ್ಯಾದೆ. ಬೀಗರ ಮನೆಯ ಊಟವಾದರೆ ಆ ಮರ್ಯಾದೆ ಹಿಂದಿನ ರಾತ್ರಿಯಿಂದಲೇ ಶುರುವಾಗುತ್ತದೆ. ಹೊಟ್ಟೆ ತುಂಬಿಸಿಕೊಂಡು ಊಟಕ್ಕೆ ಹೊರಡುವ ಪದ್ಧತಿಯನ್ನು ನಾನು ಕಂಡದ್ದು ಬೆಂಗಳೂರಿನಲ್ಲೇ.

ಹುಡುಗನಿಗೆ ಕಂಪನಿಯಲ್ಲಿ ಬಡ್ತಿ ಸಿಕ್ಕಿತ್ತು. ಅದೇ ಹೊತ್ತಿಗೆ ನಮ್ಮ ಕಾಕಾನ ಕಣ್ಣು ತೋರಿಸಲೆಂದು ನಾನೂ ನನ್ನ ಹೆಂಡತಿಯೂ ಅವರನ್ನು ಕರೆದುಕೊಂಡು, ಘಟಪ್ರಭಾ ಸ್ಟೇಶನ್ನಿನಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬಂದಿದ್ದೆವು. ಕಾಕಾಗೆ ಎಂಬತ್ತರ ಹತ್ತಿರ. ಧೋತರ, ಬಿಳಿ ನೆಹರೂ ಅಂಗಿ, ಗಾಂಧಿ ಟೋಪಿ. ಕಬ್ಬು ಬೆಳೆಯುತ್ತಾರೆ, ಮಾತು ಉಳಿಸುವುದಿಲ್ಲ. ನಾನು ಊರಿನ ಪಿಕೆಪಿಎಸ್‌ನಲ್ಲಿ, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿ, ಕಾರ್ಯದರ್ಶಿ. ರೈತರ ಬೆಳೆಸಾಲದ ಲೆಕ್ಕ, ಗೊಬ್ಬರದ ಲೆಕ್ಕ, ಆಡಿಟ್ ಇವುಗಳ ನಡುವೆ ತಲೆ ಬೆಳ್ಳಗಾದವನು. ಈ ಮಾಹಿತಿ ಮುಂದೆ ಬಿಲ್ಲು ಬಂದಾಗ ಕೆಲಸಕ್ಕೆ ಬರುತ್ತದೆ.

"ನಿಮ್ಮನ್ನ ಒಂದ ಚಲೋ ಕಡೆ ಊಟಕ್ಕ ಕರ್ಕೊಂಡ ಹೋಗ್ತೀನಿ" ಅಂದ ಅಳಿಯ. ಚಲೋ ಕಡೆ ಅಂದರೆ ಇಂದಿರಾನಗರದಲ್ಲಿ, ಬಾಗಿಲಿಗೆ ಬೋರ್ಡೇ ಇಲ್ಲದ ಒಂದು ಹೋಟೆಲು. ಬೋರ್ಡ್ ಇಲ್ಲದಿರುವುದೇ ಅದರ ದೊಡ್ಡಸ್ತಿಕೆಯಂತೆ. ನಮ್ಮ ಕಡೆಯೂ ಬೋರ್ಡ್ ಇಲ್ಲದೆ ರಾತ್ರಿ ಹೊತ್ತು ನಡೆಯುವ ಅಂಗಡಿಗಳುಂಟು. ಅವಕ್ಕೆ ಯಾರೂ ಹೆಂಡರು ಮಕ್ಕಳನ್ನು ಕರೆದುಕೊಂಡು ಹೋಗುವುದಿಲ್ಲ, ಅಷ್ಟೇ.

ಅಲ್ಲಿ ಕೂಡಲು ಮೂರು ವಾರ ಮೊದಲೇ ಟೇಬಲ್ ಹಿಡಿದು ಮುಂಗಡ ಕಟ್ಟಿದ್ದನಂತೆ. ಇದರಲ್ಲಿ ಅತಿಶಯವೇನೂ ಇಲ್ಲವೆಂದು ಆಮೇಲೆ ತಿಳಿಯಿತು. ಶಾಂತಿನಗರದಲ್ಲಿ 'ನಾರು' ಎಂಬ ನೂಡಲ್ ಅಂಗಡಿಯಿದೆ, ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ಇಡೀ ವಾರದ ಕುರ್ಚಿಗಳು ಮುಗಿದುಹೋಗುತ್ತವೆ. ಕಾಕಾ ಕೇಳಿದ್ದು ಒಂದೇ ಮಾತು: "ಲೇ ತಮ್ಮಾ, ನಾವ ಉಣ್ಣಾಕ ಹೊಂಟೇವೋ, ತಿರುಪತಿ ದರ್ಶನಕ್ಕ ಹೊಂಟೇವೋ?"

ಹೊರಡುವ ದಿನ ಹೋಟೆಲಿನಿಂದ ಫೋನ್ ಬಂತು. ಯಾರಿಗಾದರೂ ಅಲರ್ಜಿ ಇದೆಯೇ ಎಂದು ವಿಚಾರಣೆ. ಅಳಿಯ ಫೋನ್ ಕೈಯಲ್ಲಿ ಹಿಡಿದೇ ಕಾಕಾನ ಕಡೆ ತಿರುಗಿ, "ಅಜ್ಜಾ, ತಿಂದ್ರ ನಿಮ್ಮ ಮೈಗೆ ಆಗಿ ಬರದ್ದು ಏನರೆ ಐತೇನ್ರಿ?" ಅಂದ.

"ಬದನಿಕಾಯಿ ತಿಂದ್ರ ಮೈ ತುರಸತೈತಿ."

"ಹಂಗಾರ ಬದನಿಕಾಯಿ ಬ್ಯಾಡ ಅಂತ ಹೇಳ್ಲೇನ್ರಿ?"

"ಅದ್ಯಾಕ? ತುರಸತೈತಿ ಅಂತ ಹೇಳು. ತಿಂತೀನಿ ಅಂತನೂ ಹೇಳು."

ಒಳಗೆ ಹೋದರೆ ಕತ್ತಲು. ಒಂದೊಂದು ಮೇಜಿಗೂ ಒಂದೊಂದು ಮಿಣುಕು ದೀಪ, ಅದೂ ಮೇಜಿನ ನಡುವೆ ಇಟ್ಟ ಕಲ್ಲನ್ನು ಬೆಳಗಿಸಲು, ನಮ್ಮನ್ನಲ್ಲ. ಕಾಕಾ ಬಾಗಿಲಲ್ಲೇ ನಿಂತು, "ಕರೆಂಟ್ ಹೋಗೇತೇನ್ಲೇ?" ಅಂದರು. "ಇಲ್ಲ ಅಜ್ಜಾ, ಇದು ಆಂಬಿಯನ್ಸ್" ಅಂತ ಅಳಿಯನ ಹೆಂಡತಿ ಮೆಲ್ಲಗೆ ಹೇಳಿದಳು. ನನಗೆ ಹುಕ್ಕೇರಿಯವರು ನೆನಪಾದರು. 1969ರಲ್ಲೇ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ದೀಪ ಹಚ್ಚಿದ ಜನ. ಅಂಥವರ ನೆರೆಯಿಂದ ಬಂದು, ದುಡ್ಡು ಕೊಟ್ಟು ಕತ್ತಲಲ್ಲಿ ಉಣ್ಣುವುದು ಸಹಕಾರ ಕ್ಷೇತ್ರದವನಾದ ನನಗೆ ಸ್ವಲ್ಪ ನಾಚಿಕೆಯ ವಿಷಯವೇ ಆಯಿತು. ಮೆನು ಕಾರ್ಡನ್ನು ಎಲ್ಲರೂ ಮೊಬೈಲ್ ಬ್ಯಾಟರಿ ಹಾಕಿ ಓದುತ್ತಿದ್ದರು. ಅದರಲ್ಲಿ ಅಡಿಗೆಗಳ ಹೆಸರೇ ಇರಲಿಲ್ಲ. ಒಂದು ಸಾಲಿಗೆ ಮೂರು ಪದ, ನಡುವೆ ಅಲ್ಪವಿರಾಮ. ಅಳಿಯ ಕಾಕಾಗೆ ಕನ್ನಡದಲ್ಲಿ ಓದಿ ಹೇಳಿದ: "ಬದನೆ, ಶೇಂಗಾ, ಹೊಗೆ."

"ಹೊಗಿಗೂ ರೊಕ್ಕ ಕೊಡಬೇಕೇನ?"

ನೀರಿನ ವಿಷಯಕ್ಕೂ ಒಂದು ಸುತ್ತು ಮಾತುಕತೆಯಾಯಿತು. ಸಾದಾ ನೀರೋ, ಬಾಟಲಿ ನೀರೋ, ಗುಳ್ಳೆ ಬರುವ ನೀರೋ ಎಂದು ಹುಡುಗ ಕೇಳಿದ. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಅಣೆಕಟ್ಟು ಕಟ್ಟಿದ್ದನ್ನು ಕಣ್ಣಾರೆ ಕಂಡ ಕಾಕಾ, "ಬಾಯಾರಿಕಿ ಹೋಗೂದು ಯಾವುದರಿಂದ, ಅದನ್ನ ತಾರಪಾ" ಅಂದರು. ನನ್ನ ದೃಷ್ಟಿಯಲ್ಲಿ ಆ ರಾತ್ರಿ ಆ ಕೋಣೆಯಲ್ಲಿ ಬಂದ ಅತ್ಯಂತ ತರ್ಕಬದ್ಧ ಆರ್ಡರ್ ಅದೇ.

ಇಲ್ಲಿ ಹೋಲಿಕೆಗೆ ನಮ್ಮ ಕಡೆಯ ಖಾನಾವಳಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಗೋಕಾಕದ ಬಸ್‌ಸ್ಟ್ಯಾಂಡಿನ ಸುತ್ತಲೋ ಘಟಪ್ರಭಾ ಸ್ಟೇಶನ್ ರಸ್ತೆಯಲ್ಲೋ ಖಾನಾವಳಿಗೆ ನುಗ್ಗಿದರೆ, ಕೂತ ಕೂಡಲೇ ತಾಟು ಬರುತ್ತದೆ. ಒಂದು ಕಾಳಿನ ಪಲ್ಯ, ಒಂದು ಕಾಯಿಪಲ್ಯ, ಹೆಚ್ಚಿದ ಉಳ್ಳಾಗಡ್ಡಿ, ಒಂದೆಸಳು ಮೆಂತ್ಯ, ಶೇಂಗಾ ಹಿಂಡಿ, ಹಿಂಡಿಯ ಮೇಲೆ ಮೊಸರು, ಅಂಚಿಗೆ ಕೆಂಪು ಖಾರ. ಎಲ್ಲವೂ ಒಮ್ಮೆಲೇ. ರೊಟ್ಟಿ ಮಾತ್ರ ಒಂದೊಂದಾಗಿ, ಒಳಗಿಂದ ಟಪಟಪ ಸಪ್ಪಳ ಕೇಳುತ್ತಿರುವಾಗಲೇ ಬರುತ್ತಿರುತ್ತದೆ. ಯಾವುದನ್ನು ಮೊದಲು ತಿನ್ನಬೇಕು, ಯಾವುದಕ್ಕೆ ಯಾವುದನ್ನು ಹಚ್ಚಿಕೊಳ್ಳಬೇಕು ಎಂಬುದು ಉಣ್ಣುವವನ ಸ್ವಂತ ವಿಚಾರ. ಒಂದಾದ ಮೇಲೊಂದು ಪದಾರ್ಥ ತಂದು, ಹಿಂದಿನ ಬಟ್ಟಲು ಎತ್ತಿ, ಮುಂದಿನದನ್ನು ಇಡುವ ಪದ್ಧತಿ ಯುರೋಪಿನಲ್ಲೂ ಹಳೆಯದಲ್ಲ. ಫ್ರೆಂಚರೂ ಮೊದಲು ಮೇಜಿನ ತುಂಬ ಎಲ್ಲವನ್ನೂ ಒಮ್ಮೆಗೇ ಹರವಿಯೇ ಉಣ್ಣುತ್ತಿದ್ದರು. ಕಂತಿನಲ್ಲಿ ಬಡಿಸುವ ಚಾಳಿ ಅವರಿಗೆ ಅಂಟಿದ್ದು 19ನೇ ಶತಮಾನದಲ್ಲಿ, ರಷ್ಯಾದವರಿಂದ. ರಷ್ಯಾದ ಚಳಿಯಲ್ಲಿ ಎಲ್ಲವನ್ನೂ ಒಮ್ಮೆಗೇ ಇಟ್ಟರೆ ಆರಿ ತಣ್ಣಗಾದೀತು. ಅವರಿಗೆ ಅದು ಸರಿ. ಏಪ್ರಿಲ್‌ನಲ್ಲಿ ಗೋಕಾಕದ ಬಿಸಿಲಿಗೆ ಪಲ್ಯ ತಟ್ಟೆಯಲ್ಲಿದ್ದೂ ಕುದಿಯುತ್ತಿರುತ್ತದೆ.

ಖಾನಾವಳಿಯ ಇನ್ನೊಂದು ಗುಣವೆಂದರೆ, ಅಡಿಗೆಯ ಬಗ್ಗೆ ಅಲ್ಲಿ ಒಂದು ಮಾತೂ ಹೇಳುವುದಿಲ್ಲ, ನಿಮ್ಮ ಬಗ್ಗೆ ಮಾತ್ರ ಎಲ್ಲವನ್ನೂ ಕೇಳುತ್ತಾರೆ. "ಯಾವೂರ್ರೀ? ಮೂಡಲಗಿ ಅಂದ್ರ ಅಲ್ಲಿ ಯಾರ ಪೈಕಿ? ದವಾಖಾನಿ ಕೆಲಸೋ, ತಹಸೀಲ್ದಾರ ಆಫೀಸೋ? ಮಗಳ ಲಗ್ನ ಆತೇನ್ರಿ?" ಎರಡನೇ ರೊಟ್ಟಿಯ ಹೊತ್ತಿಗೆ ಮಾಲಕನಿಗೆ ನಿಮ್ಮ ಜಮೀನಿನ ಸರ್ವೆ ನಂಬರ್ ಬಿಟ್ಟು ಉಳಿದೆಲ್ಲ ಗೊತ್ತಾಗಿರುತ್ತದೆ. ನೀವು ಹೊರಡುವಾಗ ಮಾತ್ರ ಪಲ್ಯದಲ್ಲಿ ಏನಿತ್ತು ಎಂದು ನಿಮಗೆ ಗೊತ್ತಿರುವುದಿಲ್ಲ.

ಇಂದಿರಾನಗರದಲ್ಲಿ ಇದೆಲ್ಲ ತಿರುಗುಮುರುಗು. ನಾವು ಯಾರು, ಎತ್ತ, ಯಾರಿಗೂ ಬೇಕಿಲ್ಲ. ಪದಾರ್ಥದ ಕುಲಗೋತ್ರ ಮಾತ್ರ ಅರ್ಧ ಗಳಿಗೆ.

ಮೊದಲ ಬಟ್ಟಲು ಬಂತು. ಬಟ್ಟಲೆಂದರೆ ಎರಡು ಗೇಣು ಅಗಲದ ಕರೀ ಕಲ್ಲು. ಅದರ ನಡುವೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಗರಿಗರಿ ಬಿಲ್ಲೆ. ಬಿಲ್ಲೆಯ ಮೇಲೆ ಕರೀ ಪುಡಿಯ ಒಂದು ಚಿಟಿಕೆ. ಪುಡಿಯ ಮೇಲೆ ಎರಡೆಲೆಯ ಒಂದು ಸಸಿ. ತಂದ ಹುಡುಗ ಕೈ ಹಿಂದೆ ಕಟ್ಟಿಕೊಂಡು, ಎದೆ ಮುಂದೆ ಮಾಡಿ, ಹಿಂದಿ ಬೆರೆತ ಇಂಗ್ಲಿಷಿನಲ್ಲಿ ಶುರು ಮಾಡಿದ. ಇದು ಉತ್ತರ ಕರ್ನಾಟಕದ ಒಣಭೂಮಿಯ ಪುರಾತನ ಧಾನ್ಯ, ಇದನ್ನು ಅಲ್ಲಿಯ ಅಜ್ಜಿಯರು ಕೈಯಿಂದ ಬಡಿಯುತ್ತಾರೆ, ಮೇಲಿರುವುದು ಗುರೆಳ್ಳು, ಇದು ಬಾಣಸಿಗರ ಬಾಲ್ಯದ ನೆನಪು... ಅಳಿಯ ಕಾಕಾನ ಕಿವಿಯಲ್ಲಿ ಅನುವಾದ ಮಾಡುತ್ತಿದ್ದ. ಕಾಕಾ ಕೊನೆಯವರೆಗೂ ಕೇಳಿ, ತಮಗೆ ಬರುವ ಹಿಂದಿಯಲ್ಲಿ ವಿಚಾರಿಸಿದರು. ಆ ಹಿಂದಿ ಅವರು ಕಬ್ಬು ಕಡಿಯುವ ಗ್ಯಾಂಗಿನವರಿಂದ ಕಲಿತದ್ದು. ಅದರಲ್ಲಿ ಮರಾಠಿ ಅರ್ಧ, ಕನ್ನಡ ಅರ್ಧ, ಹಿಂದಿ ಉಪ್ಪಿಗೆ.

"ತುಮ್ಹಾರಾ ಗಾಂವ್ ಕೌನಸಾ ತಮ್ಮಾ?"

"ಅಸ್ಸಾಮ್, ಸರ್."

"ಖೇತ್ ಮೇ ಕ್ಯಾ ಬೆಳೆಸತಾ?"

ಹುಡುಗನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಧಾನ್, ಸರ್. ಔರ್ ಸರಸೋಂ."

"ಜ್ವಾಳಾ ನಹೀ?"

"ನಹೀ ಸರ್."

ಕಾಕಾ ನನ್ನ ಕಡೆ ತಿರುಗಿದರು. "ಭತ್ತ ಬೆಳಿಯೂ ಊರಿನ ಹುಡುಗಗ ನನಗ ಜ್ವಾಳದ ಪುರಾಣ ಹೇಳಾಕ ಹಚ್ಚಿದವರ್ಯಾರೋ? ಪಾಪ, ಇಂವ ಬಾಯಿಪಾಠ ಮಾಡ್ಯಾನ. ತಪ್ಪೇನೂ ಹೇಳಿಲ್ಲ." ಆಮೇಲೆ ಸಸಿಯನ್ನು ಎರಡು ಬೆರಳಲ್ಲಿ ಎತ್ತಿ ದೀಪಕ್ಕೆ ಹಿಡಿದರು. "ಇದು ಮೆಂತೆ. ಇನ್ನ ಹದಿನೈದ ದಿವಸ ಬಿಟ್ಟಿದ್ರ ಪಲ್ಯಾ ಆಗ್ತಿತ್ತು." ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜಿದೆ. ಅಲ್ಲಿಯ ಹುಡುಗರು ಸೈಕಲ್ ಮೇಲೆ ಅಡ್ಡಾಡುವುದನ್ನು ನೋಡಿ ನೋಡಿ ನಮ್ಮ ಊರವರಿಗೆಲ್ಲ ಸಸಿ ಕಂಡರೆ ವಯಸ್ಸು ಹೇಳುವ ಚಟ ಬಂದಿದೆ.

ಜೋಳದ ಮಾತು ಬಂತು, ಅದನ್ನು ಅರ್ಧಕ್ಕೆ ಬಿಡುವಂತಿಲ್ಲ. ನಮ್ಮ ಅಪ್ಪ, ಕಾಕಾ ಇವರೆಲ್ಲ ಸಣ್ಣವರಿದ್ದಾಗ ಅನ್ನ ಉಣ್ಣುತ್ತಿದ್ದದ್ದು ಹಬ್ಬಕ್ಕೆ, ಇಲ್ಲವೇ ಜ್ವರ ಬಂದಾಗ. ಉಳಿದ ದಿನವೆಲ್ಲ ರೊಟ್ಟಿ. 1972ರ ಬರದಲ್ಲಿ ಅದೂ ತಪ್ಪಿ, ಅಮೆರಿಕದಿಂದ ಹಡಗಿನಲ್ಲಿ ಬಂದ ಕೆಂಪು ಜೋಳ ತಿಂದದ್ದನ್ನು ಕಾಕಾ ಈಗಲೂ ಮುಖ ಕಿವುಚಿಕೊಂಡೇ ಹೇಳುತ್ತಾರೆ. ಆಮೇಲೆ ಕಾಲುವೆ ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಸಾಲ ಬಂತು (ಅದನ್ನು ಕೊಡುವವನು ನಾನೇ). ಬಿಳಿಜೋಳ ಹೊಲ ಬಿಟ್ಟು ಅಂಗಡಿ ಸೇರಿತು. ಈಗ ನಾವು ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸಿ, ಬಂದ ರೊಕ್ಕದಲ್ಲಿ ವಿಜಾಪುರದ ಕಡೆಯ ಜೋಳ ಕೊಂಡು ತರುತ್ತೇವೆ. ನಾವು ಹೀಗೆ ಜೋಳಕ್ಕೆ ಬೆನ್ನು ತೋರಿಸಿದ ಹೊತ್ತಿಗೇ ಜಗತ್ತು ಅದಕ್ಕೆ ಮುಖ ತೋರಿಸಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೆಹಲಿಯ ಜಿ-20 ಔತಣದಲ್ಲಿ ದೇಶದೇಶದ ದೊರೆಗಳಿಗೆ ಮೊದಲು ಬಡಿಸಿದ್ದು ನವಣೆಯ ಗರಿಗರಿ ಎಲೆ, ಮೇಲೊಂದು ಮೊಸರಿನ ಗುಂಡು. ಕೊನೆಗೆ ಊದಲಿನ ಪಾಯಸ. ಮೊಸರನ್ನು ಗುಂಡು ಮಾಡುವ ವಿದ್ಯೆ ನಮಗೆ ಗೊತ್ತಿದ್ದರೆ ಬುತ್ತಿ ಕಟ್ಟುವುದು ಎಷ್ಟು ಸುಲಭವಾಗುತ್ತಿತ್ತು ಎಂದು ನನ್ನ ಹೆಂಡತಿ ಪೇಪರ್ ಓದಿ ಅಂದಿದ್ದಳು.

ನ್ಯಾಯವಾಗಿ ಹೇಳಬೇಕೆಂದರೆ, ಮನೆಯಡಿಗೆಯನ್ನು ಇಸ್ತ್ರಿ ಮಾಡಿದ ಮೇಜುಬಟ್ಟೆಯ ಮೇಲೆ ತಂದು ಇಡುವುದು ಕೆಟ್ಟ ಕೆಲಸವೇನಲ್ಲ. 1990ರಲ್ಲಿ ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ ಶುರುವಾದ ತಾಜ್‌ನವರ 'ಕರಾವಳಿ' ಸಮುದ್ರ ತೀರದ ಮನೆಗಳ ಅಡಿಗೆಯನ್ನು ದೊಡ್ಡ ಹೋಟೆಲಿಗೆ ತಂದು ಹೆಸರು ಮಾಡಿತು. ವೈಟ್‌ಫೀಲ್ಡಿನ 'ಊಟ ಬೆಂಗಳೂರು' ಬಾಣಸಿಗರು ಕರ್ನಾಟಕದ ಊರೂರು ಅಲೆದು, ಮನೆಮನೆಯ ಒಲೆಯ ಮುಂದೆ ಕೂತು ಕಲಿತು ಬಂದವರು. ಮೀನಿಗೆ ಸಿಕ್ಕ ಮರ್ಯಾದೆ ರೊಟ್ಟಿಗೆ ಮೂವತ್ತು ವರ್ಷ ತಡವಾಗಿ ಸಿಕ್ಕಿದೆ, ಸಿಕ್ಕಲಿ. ನನ್ನ ತಕರಾರು ಮರ್ಯಾದೆಯ ಗಾತ್ರದ ಬಗ್ಗೆ.

ಎರಡನೆಯದು ನೊರೆ. ಗಾಜಿನ ಲೋಟದ ತಳದಲ್ಲಿ ಕೆಂಪಗೆ ಏನೋ ಒಂದು ಹನಿ, ಅದರ ಮೇಲೆ ಬೆಳ್ಳಗೆ ನೊರೆ. ಒಗ್ಗರಣೆ ಮಜ್ಜಿಗೆಯ ನೊರೆಯಂತೆ, ಕೆಳಗಿರುವುದು ಸಂಕೇಶ್ವರದ ಮೆಣಸಿನಕಾಯಿಯ ಖಾರವಂತೆ. ಅಡಿಗೆಯನ್ನು ನೊರೆ ಮಾಡುವ ಈ ಹುಚ್ಚನ್ನು ಹಬ್ಬಿಸಿದವನು ಸ್ಪೇನಿನ ಫೆರಾನ್ ಆದ್ರಿಯಾ. 'ಎಲ್ ಬುಲ್ಲಿ' ಎಂಬ ಅವನ ಹೋಟೆಲು 2011ರಲ್ಲೇ ಬಾಗಿಲು ಹಾಕಿತು. ನೊರೆ ಇನ್ನೂ ಇಳಿದಿಲ್ಲ. ಕಾಕಾ ಲೋಟ ಎತ್ತಿ, ಓರೆ ಮಾಡಿ, ಕೆಳಗೆ ಏನಾದರೂ ಇದೆಯೇ ಎಂದು ಹುಡುಕಿದರು. "ಗಾಣದಾಗ ಕಬ್ಬಿನ ಹಾಲ ಕುದಿಯೂ ಮುಂದ ಹಿಂಗ ನೊರಿ ಬರತೈತಿ. ನಾವು ನೊರಿ ತಗದ ಚೆಲ್ಲಿ ಬೆಲ್ಲ ಇಟಗೋತೇವಿ. ಇವರು ನೊರಿ ಇಟಗೊಂಡು ಬೆಲ್ಲ ಚೆಲ್ಯಾರೇನ?"

ಅಳಿಯನ ಹೆಂಡತಿ ನಕ್ಕು ನೀರು ಗಂಟಲಿಗೆ ಏರಿಸಿಕೊಂಡಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಆ ಕೋಣೆಯಲ್ಲಿ ಆವರೆಗೆ ಯಾರೂ ಜೋರಾಗಿ ನಕ್ಕಿರಲಿಲ್ಲ.

ಆಮೇಲೆ ಬಂದದ್ದೇ "ಬದನೆ, ಶೇಂಗಾ, ಹೊಗೆ". ಗಾಜಿನ ಮುಚ್ಚಳ ಎತ್ತಿದ ಕೂಡಲೇ ಹೊಗೆ ಬುಸ್ಸೆಂದು ಎದ್ದು ಹೋಯಿತು. ರೊಕ್ಕ ಕೊಟ್ಟದ್ದರಲ್ಲಿ ಮೊದಲು ಹೋದದ್ದು ಅದೇ. ಒಳಗೆ ಒಂದು ಎಳೆಯ ಬದನೆಕಾಯಿ, ತೊಟ್ಟು ಸಮೇತ, ನಾಲ್ಕು ಸೀಳಿನಲ್ಲಿ ಶೇಂಗಾ ಎಳ್ಳಿನ ಮಸಾಲೆ ಕೂತಿತ್ತು. ಪಕ್ಕದಲ್ಲಿ ಬೆಳ್ಳಿ ರೂಪಾಯಿಯಷ್ಟು ಅಗಲದ ರೊಟ್ಟಿ, ತಲೆಗೊಂದು. ಸುಳ್ಳು ಹೇಳಬಾರದು, ಎಣಗಾಯಿ ಬಹಳ ಚಲೋ ಇತ್ತು. ಮಸಾಲೆ ತಿರುಳಿನವರೆಗೂ ಇಳಿದಿತ್ತು, ಎಣ್ಣೆ ಮೇಲೆ ತೇಲಿರಲಿಲ್ಲ, ಹುಳಿ ಬೆಲ್ಲ ಸಮನಾಗಿ ನಿಂತಿದ್ದವು. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ಸೂಪಶಾಸ್ತ್ರದಲ್ಲಿ ಬದನೆಕಾಯಿಗೇ ಒಂದು ಅಧ್ಯಾಯ ಮೀಸಲಾಗಿದೆ. ಆ ವಂಶಕ್ಕೆ ಸೇರಿಸಬಹುದಾದ ಬದನೆಕಾಯಿ ಅದು.

ನನ್ನ ಹೆಂಡತಿ ಮಾತ್ರ ಬದನೆಕಾಯಿ ಬಿಟ್ಟು ರೊಟ್ಟಿಯನ್ನು ಪರೀಕ್ಷೆಗೆ ಎತ್ತಿಕೊಂಡಳು. ಬೆಳಕಿಗೆ ಹಿಡಿದಳು, ತಿರುಗಿಸಿದಳು, ಅಂಚು ಮುಟ್ಟಿದಳು. ಕೈಯಿಂದ ಬಡಿದ ರೊಟ್ಟಿಗೆ ನಡುವೆ ಒಂದು ಎಳೆ ದಪ್ಪ ಇರುತ್ತದೆ, ಅಂಚು ತೆಳ್ಳಗಾಗುತ್ತ ಹೋಗಿ ಅಲ್ಲಲ್ಲಿ ಸಣ್ಣಗೆ ಸೀಳಿರುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ನೀರು ಸವರಿದ ಮುಖದಲ್ಲಿ ಬೂದುಬಣ್ಣದ ಅಲೆ ಎದ್ದಿರುತ್ತದೆ, ಇನ್ನೊಂದು ಮುಖ ಬೆಂಕಿಯ ಕಡೆ ಉಬ್ಬಿ ಎರಡು ಪದರಾಗಿರುತ್ತದೆ. ಇದರ ಅಂಚು ಗೆರೆ ಎಳೆದಷ್ಟು ನೇರ. "ಬಡದಿಲ್ಲ, ಒತ್ಯಾರ" ಅಂತ ತೀರ್ಪು ಕೊಟ್ಟಳು. ಬದನೆಕಾಯಿಗೆ ಹತ್ತಕ್ಕೆ ಒಂಬತ್ತು ಕೊಟ್ಟವಳು ರೊಟ್ಟಿಗೆ ಪಾಸ್ ಮಾರ್ಕೂ ಹಾಕಲಿಲ್ಲ.

ಅಷ್ಟರಲ್ಲಿ ಕಾಕಾ ಆ ರಾತ್ರಿಯ ದೊಡ್ಡ ಗದ್ದಲಕ್ಕೆ ಕಾರಣವಾದ ಮಾತನ್ನು ಸಹಜವಾಗಿ ಆಡಿಬಿಟ್ಟರು: "ತಮ್ಮಾ, ಔರ್ ಏಕ್ ರೊಟ್ಟಿ ಲಾ."

ಹುಡುಗ ಕಲ್ಲಾದ. ಅವನು ಕಲಿತ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. ಒಳಗೆ ಹೋದ. ಕರೀ ಕೋಟಿನವನು ಬಂದ. ಇದು ಟೇಸ್ಟಿಂಗ್ ಮೆನು, ಇದರಲ್ಲಿ ಎರಡನೇ ಸಲ ಕೊಡುವುದಿಲ್ಲ, ಮುಂದಿನ ಪದಾರ್ಥಗಳಿಗೆ ಹೊಟ್ಟೆಯಲ್ಲಿ ಜಾಗ ಇರಬೇಕಲ್ಲ ಎಂದು ವಿನಯವಾಗಿ ತಿಳಿಸಿದ. "ನನ್ನ ಹೊಟ್ಟಿ ಜಾಗಾದ ಚಿಂತಿ ಇವನಿಗ್ಯಾಕ?" ಎಂದು ಕಾಕಾ ನಮ್ಮನ್ನು ಕೇಳಿದರು. ಅಳಿಯ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದ, ನಾನು ಏನಾದರೂ ಮಾಡಲಿ ಎಂದು. ನಾನು ಏನೂ ಮಾಡಲಿಲ್ಲ. ರೊಟ್ಟಿ ಕೇಳುವುದು ತಪ್ಪೆಂದು ಕಾಕಾಗೆ ಹೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.

ಕೊನೆಗೆ ಬಾಣಸಿಗನೇ ಹೊರಗೆ ಬಂದ. ಮೂವತ್ತೈದರ ಹುಡುಗ, ಕೈ ಮೇಲೆಲ್ಲ ಹಚ್ಚೆ. ಕಾಕಾ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಬದನಿಕಾಯಿ ಬಾಳ ಚಲೋ ಮಾಡಿಯಪಾ" ಅಂದರು. "ಆದ್ರ ಚಲೋ ಆದದ್ದನ್ನ ಇನ್ನೊಂದ ಸರ್ತಿ ಕೇಳಿದ್ರ ಇಲ್ಲ ಅಂದ್ರ ಹ್ಯಾಂಗ? ಚಲೋ ಆಗೇತಿ ಅಂತ ನಿನಗ ಗೊತ್ತಾಗೂದರ ಹ್ಯಾಂಗ?" ಅಳಿಯ ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ಎಷ್ಟು ಉಪ್ಪು ಕಡಿಮೆ ಮಾಡಿದನೋ ತಿಳಿಯದು. ಬಾಣಸಿಗ ಒಂದು ಗಳಿಗೆ ನಿಂತು ನಕ್ಕ. ಒಳಗೆ ಹೋಗಿ ಐದು ರೊಟ್ಟಿ ಕಳಿಸಿದ. ಅದೇ ರೂಪಾಯಿ ಅಗಲದವು, ಆದರೂ ಐದು. ಕಾಕಾ ಐದನ್ನೂ ಒಂದರ ಮೇಲೊಂದು ಪೇರಿಸಿ ಒಂದೇ ತುತ್ತಿಗೆ ಮುಗಿಸಿದರು.

ಊಟದ ಅಳತೆ ಉಣ್ಣುವವನದೋ ನೀಡುವವನದೋ ಎಂಬ ಈ ತಂಟೆ ಖಾನಾವಳಿಯಲ್ಲಿ ಹುಟ್ಟುವುದೇ ಇಲ್ಲ. ಅಲ್ಲಿ ಸಾಕು ಎಂದರೂ ಸಾಕಾಗುವುದಿಲ್ಲ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು, ಆಗಲೂ ಬೆರಳ ಸಂದಿಯಿಂದ ಅರ್ಧ ರೊಟ್ಟಿ ಒಳಗೆ ಜಾರಿ ಬಿದ್ದಿರುತ್ತದೆ. ಅದಕ್ಕೂ ಅದರದೇ ಹಿಂಸೆ ಉಂಟೆಂಬುದನ್ನು ಸಕ್ಕರೆ ಕಾಯಿಲೆಯ ನಾನು ಒಪ್ಪುತ್ತೇನೆ.

ನಡುವೆ ಬಂದ ಮೂರು ನಾಲ್ಕು ಪದಾರ್ಥಗಳನ್ನು ಬಿಟ್ಟು ಸಿಹಿಗೆ ಬರುತ್ತೇನೆ. ಮೆನುವಿನಲ್ಲಿ "ಗೋಕಾಕ" ಎಂಬ ಒಂದೇ ಪದ ಇತ್ತು. ನಮ್ಮ ಮೂವರ ಬೆನ್ನೂ ನೆಟ್ಟಗಾಯಿತು. ಬಂದ ತಟ್ಟೆಯಲ್ಲಿ ತುಪ್ಪದಲ್ಲಿ ಕರಿದು ಅರಳಿಸಿದ ಅಂಟು ಒಂದು ಮೂಲೆಗೆ, ಬೆಲ್ಲದ ಪಾಕದ ಒಂದು ಗೆರೆ ಇನ್ನೊಂದು ಮೂಲೆಗೆ, ಸುಟ್ಟ ಒಣಕೊಬ್ಬರಿಯ ಎಸಳು, ಅರ್ಧ ಗೋಡಂಬಿ, ಉತ್ತತ್ತಿಯ ಚೂರು, ಮೇಲೆ ನಾಲ್ಕು ಕಾಳು ಗಸಗಸೆ, ನಡುವೆ ಒಂದು ಉಂಡೆ ಐಸ್‌ಕ್ರೀಮು. ಇದು ಬಿಡಿಸಿಟ್ಟ ಕರದಂಟು ಎಂದು ಹುಡುಗ ಹೇಳಿದ. ನನ್ನ ಹೆಂಡತಿ ತಟ್ಟೆಯನ್ನು ಬಹಳ ಹೊತ್ತು ನೋಡಿದಳು. "ಸಾಮಾನೆಲ್ಲ ತಂದಿಟ್ಟಾರ. ಮಾಡೋರ್ಯಾರು?"

ಕರದಂಟಿನ ಕಷ್ಟವೆಲ್ಲ ಕೂಡಿಸುವುದರಲ್ಲೇ ಇದೆ. ಪಾಕ ಒಂದು ಗಳಿಗೆ ಮುಂದೆ ಹೋದರೆ ಹಲ್ಲು ಮುರಿಯುವ ಕಲ್ಲು, ಹಿಂದೆ ಉಳಿದರೆ ಕೈಗೆ ಮೆತ್ತುವ ಅಂಬಲಿ. ಅಂಟು ಸಣ್ಣ ಉರಿಯಲ್ಲಿ ಒಳಗಿನವರೆಗೂ ಅರಳಬೇಕು, ಇಲ್ಲದಿದ್ದರೆ ಹಲ್ಲಿಗೆ ಹತ್ತಿಕೊಳ್ಳುತ್ತದೆ. ಬಾಣಂತಿಯರಿಗೂ ಪೈಲವಾನರಿಗೂ ಮಾಡಿ ಹಾಕುತ್ತಿದ್ದ ತಿನಿಸು ಅದು. ಬಿಡಿಸಿಟ್ಟದ್ದನ್ನು ನಾವು ಮೂವರೂ ಚಮಚದಿಂದ ಮತ್ತೆ ಕೂಡಿಸಿ ತಿಂದೆವು. ಐಸ್‌ಕ್ರೀಮು ಚಲೋ ಇತ್ತು.

ಬಿಲ್ಲು ಬಂತು, ಚರ್ಮದ ಪಟ್ಟಿಯಲ್ಲಿ ಮುಖ ಮುಚ್ಚಿಕೊಂಡು. ತಲೆಗೆ 3,500 ರೂಪಾಯಿಯಂತೆ ಐದು ಜನಕ್ಕೆ 17,500. ಅದರ ಮೇಲೆ ನೂರಕ್ಕೆ ಹತ್ತರಂತೆ ಸರ್ವಿಸ್ ಚಾರ್ಜು 1,750. ಎರಡೂ ಸೇರಿಸಿ ಅದರ ಮೇಲೆ ಜಿಎಸ್‌ಟಿ. ಅಳಿಯ ಕಾರ್ಡ್ ತೆಗೆಯುವಷ್ಟರಲ್ಲಿ ನನ್ನೊಳಗಿನ ಪಿಕೆಪಿಎಸ್ ಎದ್ದು ಕೂತಿತು. ಸರ್ವಿಸ್ ಚಾರ್ಜನ್ನು ತಾನೇ ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಪ್ರಾಧಿಕಾರದ ಮಾತನ್ನೇ ಎತ್ತಿ ಹಿಡಿಯಿತು. ಇದನ್ನೆಲ್ಲ ನಾನು ಕರೀ ಕೋಟಿನವನಿಗೆ ಕನ್ನಡದಲ್ಲಿ, ತಾರೀಖು ಸಮೇತ, ಆಡಿಟರ್ ಮುಂದೆ ಕೂತ ಗತ್ತಿನಲ್ಲಿ ಹೇಳಿದೆ. "ಮಾಮಾ, ಹೋಗಲಿ ಬಿಡ್ರೀ" ಎಂದು ಅಳಿಯ ಕಿವಿಯಲ್ಲಿ ಗೋಗರೆದ. ಬಿಡಲಿಲ್ಲ. ಬಿಲ್ಲು ಒಳಗೆ ಹೋಗಿ ತೆಳ್ಳಗಾಗಿ ಬಂತು: 17,500, ನೂರಕ್ಕೆ ಐದರಂತೆ ಜಿಎಸ್‌ಟಿ 875, ಒಟ್ಟು 18,375.

ಇಷ್ಟು ಹೊತ್ತು ಸುಮ್ಮನಿದ್ದ ಕಾಕಾ, "ತಲಿಗೆ ಎಷ್ಟಂತೋ?" ಎಂದು ಕೇಳಿದರು. ಮೂರೂವರೆ ಸಾವಿರ ಅಂದೆ. ಕಾಕಾ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಆ ಅಂಕಿ ಅವರಿಗೆ ಹೊಸದಾಗಿರಲಿಲ್ಲ. 2025ರ ನವೆಂಬರಿನಲ್ಲಿ ನಮ್ಮ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಗೆ ಇಳಿದು ಕೂತಿದ್ದರು. ಟನ್ನಿಗೆ 3,500 ಕೊಡಿ ಎಂಬುದು ಬೇಡಿಕೆ. ಹೋರಾಟ ರಾಜ್ಯಕ್ಕೆಲ್ಲ ಹಬ್ಬಿ, ಸರ್ಕಾರ ನಡುವೆ ಬಂದು, ಕೊನೆಗೆ 3,300ಕ್ಕೆ ತೀರ್ಮಾನವಾಯಿತು. ಕಾಕಾ ಆ ವಯಸ್ಸಿನಲ್ಲೂ ಅಲ್ಲಿ ಹೋಗಿ ಕೂತು ಬಂದವರು.

"ನಾವ ಟನ್ನಿಗೆ ಕೇಳಿದ ರೇಟು" ಅಂದರು ಕಾಕಾ, "ಇವರು ತಲಿಗೆ ತಗೊಂಡ್ರಲ್ಲೋ. ಅದೂ ರಸ್ತಾ ರೋಕೋ ಮಾಡದ!" ಸ್ವಲ್ಪ ತಡೆದು, "ನಮಗ ಇನ್ನೂರು ಕಡಿಮಿ ಮಾಡಿದ್ರು. ಇಲ್ಲಿ ಅದನ್ನೂ ಮಾಡಿಲ್ಲ" ಎಂದು ಸೇರಿಸಿದರು. ಒಂದು ಟನ್ ಕಬ್ಬು ನೆಟ್ಟು, ನೀರು ಹಾಯಿಸಿ, ಗೊಬ್ಬರ ಹಾಕಿ, ಕಡಿಯುವ ಗ್ಯಾಂಗಿಗೆ ಕಾದು, ಕಾರ್ಖಾನೆಯ ಮುಂದೆ ಟ್ರ್ಯಾಕ್ಟರ್ ಪಾಳಿ ಹಚ್ಚಿ ಸಾಗಿಸಲು ಒಂದು ವರ್ಷ ಬೇಕು. ಅದನ್ನು ನಾವು ಎರಡೂವರೆ ತಾಸಿನಲ್ಲಿ, ಚಮಚದಿಂದ, ತಲೆಗೊಂದು ಟನ್ನಿನಂತೆ ತಿಂದು ಎದ್ದಿದ್ದೆವು. ಹೊರಡುವಾಗ ಕಾಕಾ ಅಸ್ಸಾಮಿನ ಹುಡುಗನನ್ನು ಕರೆದು ಅವನ ಅಂಗಿಯ ಕಿಸೆಯಲ್ಲಿ ಐದುನೂರರ ನೋಟು ತುರುಕಿದರು. "ಯೇ ತುಮ್ಹಾರಾ. ಮಾಲಕ ಕಾ ನಹೀ." ನಾನು ಕಡಿಸಿದ ಸರ್ವಿಸ್ ಚಾರ್ಜಿನಲ್ಲಿ ಆ ಹುಡುಗನಿಗೆ ಎಷ್ಟು ಹೋಗುತ್ತಿತ್ತೋ, ಇದಂತೂ ಪೂರ್ತಿ ಅವನದೇ.

ಇದನ್ನು ಓದಿ ನಮ್ಮ ಕಡೆಯವರೆಲ್ಲ ರೊಟ್ಟಿಯ ಪರವಾಗಿ ಎದೆ ತಟ್ಟಿಕೊಳ್ಳುವುದೂ ಬೇಡ. ಗೋಕಾಕ, ಘಟಪ್ರಭಾ, ಸಂಕೇಶ್ವರದ ರಸ್ತೆಗಳಲ್ಲಿ ಈಗ ಎದ್ದು ನಿಂತಿರುವ ಹೊಸ ಫ್ಯಾಮಿಲಿ ರೆಸ್ಟೋರೆಂಟುಗಳಿಗೆ ಹೋಗಿ ನೋಡಿ. ನೀಲಿ ದೀಪ, ಗಾಜಿನ ಪೆಟ್ಟಿಗೆಯಲ್ಲಿ ಮೀನು, ಎ.ಸಿ. ಹಾಲ್, ಸೆಲ್ಫಿಗೆಂದೇ ಗೋಡೆಗೆ ಅಂಟಿಸಿದ ಪ್ಲಾಸ್ಟಿಕ್ ಹುಲ್ಲು. ಒಳಗೆ ಕೂತವರೆಲ್ಲ ನಮ್ಮವರೇ, ನನ್ನ ಸಾಲಗಾರರೇ. ಅವರ ಮಕ್ಕಳು ಬೇಡುವುದು ಬಟರ್ ನಾನ್, ಪನೀರ್ ಮಸಾಲಾ, ಗೋಬಿ ಮಂಚೂರಿ. ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ಸರ್ಕಾರ 2024ರ ಮಾರ್ಚಿನಲ್ಲಿ ಆಜ್ಞೆ ಮಾಡಿದಾಗ ನಮ್ಮ ಊರಿನ ಹುಡುಗರು ಸೂತಕ ಬಂದವರ ಮುಖ ಮಾಡಿಕೊಂಡು ಅಡ್ಡಾಡಿದರು. ಕಳೆದ ಸೀಜನ್ನಿನ ಲಗ್ನವೊಂದರಲ್ಲಿ ರೊಟ್ಟಿ ಎಲ್ಲಿ ಎಂದು ಕೇಳಿದ್ದಕ್ಕೆ ಬೀಗರು, "ರೊಟ್ಟಿ ಹಾಕಿದ್ರ ಬಡತನದ ಲಗ್ನ ಅಂತಾರ್ರೀ" ಎಂದು ನಾಚಿಕೊಂಡರು. ಬೆಂಗಳೂರಿನವರು ನಮ್ಮ ಬಡತನವನ್ನು ಕರೀ ಕಲ್ಲಿನ ಮೇಲಿಟ್ಟು ತಿನ್ನುತ್ತಾರೆ, ನಾವು ಅವರು ಬಿಟ್ಟ ಶ್ರೀಮಂತಿಕೆಯನ್ನು ಸ್ಟೀಲ್ ತಾಟಿನಲ್ಲಿ ತಿನ್ನುತ್ತೇವೆ. ನಡುವೆ ಜಿಎಸ್‌ಟಿ ಎರಡೂ ಕಡೆ ನೂರಕ್ಕೆ ಐದು.

ಆದ್ದರಿಂದ ನನ್ನ ಸಲಹೆ ಇಷ್ಟು. ಅಂಥ ಹೋಟೆಲಿಗೆ ಒಮ್ಮೆ ಹೋಗಿ. ಬೇರೆಯವರಿಗೆ ಬಡ್ತಿ ಸಿಕ್ಕಾಗ ಹೋಗಿ. ಬದನೆಕಾಯಿ ಇದ್ದರೆ ಬಿಡಬೇಡಿ, ಬಿಲ್ಲನ್ನು ಬೆಳಕಿಗೆ ಹಿಡಿದು ಓದಿ. ಜೋಳವನ್ನೇ ತಿನ್ನಬೇಕೆಂದಿದ್ದರೆ ರಾತ್ರಿ ರಾಣಿ ಚೆನ್ನಮ್ಮ ಹತ್ತಿ ಮುಂಜಾನೆ ಘಟಪ್ರಭಾದಲ್ಲಿ ಇಳಿಯಿರಿ. ಗೋಕಾಕದ ಜಲಪಾತ ನೋಡುವ ಮನಸ್ಸಿದ್ದರೆ ಮಳೆಗಾಲದಲ್ಲೇ ಬನ್ನಿ, ಬೇಸಗೆಯಲ್ಲಿ ಅಲ್ಲಿ ಬಂಡೆ ಮಾತ್ರ ಕಾಣುತ್ತದೆ. ಊಟಕ್ಕೆ ಯಾವ ಕಾಲವಾದರೂ ಸರಿ, ಬುಕಿಂಗ್ ಬೇಡ, ಆದರೆ ಮಧ್ಯಾಹ್ನ ಎರಡರೊಳಗೆ ಖಾನಾವಳಿ ಮುಟ್ಟಬೇಕು. ಆಮೇಲೆ ರೊಟ್ಟಿ ಬಡಿಯುವವರು ಹಂಚು ಇಳಿಸಿ ತಾವು ಊಟಕ್ಕೆ ಕೂಡುತ್ತಾರೆ; ಎಂಥ ದೊಡ್ಡವರು ಬಂದರೂ ಏಳುವುದಿಲ್ಲ.